ಮಗಳ ರಾಜ್ಯಶಾಸ್ತ್ರ, ಕಮ್ಯುನಿಟಿ ಕಾಲೇಜಿನ ಟೈಮ್‌ಟೇಬಲ್

"ಅಲ್ಲ ಕಣೇ, ಆರ್ಟ್ಸ್ ಓದಿಸೋಕೆ ಅಮೆರಿಕಾಕ್ಕೇ ಹೋಗ್ಬೇಕಿತ್ತಾ? ದಾವಣಗೆರೇಲೇ ಸೀಟು ಖಾಲಿ ಇರ್ತವಲ್ಲ" ಅಂತ ಅಣ್ಣ ಫೋನಿನಲ್ಲಿ ನಕ್ಕ. ಮಗಳು ಪೊಲಿಟಿಕಲ್ ಸೈನ್ಸ್ ಓದುತ್ತಾಳೆ, ಅದೂ ಮೊದಲ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಅಂತ ಹೇಳಿದ್ದಕ್ಕೆ ಬಂದ ಉತ್ತರ ಅದು. ನನಗೆ ಸಿಟ್ಟೇನೂ ಬರಲಿಲ್ಲ. ನಾನೇ ಪಿಯುಸಿಯಲ್ಲಿ ಎಚ್‌ಇಪಿಎಸ್ ತಗೊಂಡವಳು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. "ಯಾಕೆ, ಸೈನ್ಸ್ ಸಿಗಲಿಲ್ವಾ?" ಅಂತ ಕೇಳದ ನೆಂಟರೇ ಆಗ ಇರಲಿಲ್ಲ.

ಇಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲೂ ಅದೇ ಪ್ರಶ್ನೆ ಬೇರೆ ಬಟ್ಟೆ ಹಾಕಿಕೊಂಡು ಬರುತ್ತದೆ. ಯುಗಾದಿ ಊಟದ ಸಾಲಿನಲ್ಲಿ ನಿಂತಾಗ "ಓ, ಡಿ ಆಂಜಾನಾ? ಯಾವ ಯುಸಿನೂ ಸಿಗಲಿಲ್ವಾ?" ಅಂತಾರೆ. ಯುಸಿ ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಬರ್ಕ್‌ಲಿ, ಡೇವಿಸ್‌ನಂಥ ಹಲವು ಕ್ಯಾಂಪಸ್‌ಗಳಿರುವ ಸರ್ಕಾರಿ ಯೂನಿವರ್ಸಿಟಿ. ನಿಜ ಹೇಳಬೇಕೆಂದರೆ, ಸಿಕ್ಕಿದ ಕಡೆ ದುಡ್ಡು ಜಾಸ್ತಿ, ಇಷ್ಟವಾದ ಕಡೆ ಸಿಗಲಿಲ್ಲ. ಅವಳಿಗೆ ಸಾಲ ಮಾಡಿ ಓದುವ ಮನಸ್ಸಿರಲಿಲ್ಲ, ನಮಗೂ ಇರಲಿಲ್ಲ. ಕಳೆದ ವರ್ಷ, 2025ರ ಸೆಪ್ಟೆಂಬರ್‌ನಲ್ಲಿ, ಕೂಪರ್ಟಿನೋದ ಡಿ ಆಂಜಾ ಕಾಲೇಜಿಗೆ ಸೇರಿದಳು. ನಮ್ಮ ಯಜಮಾನರಿಗೆ ಆ ಕಾಲೇಜಿನ ಬಗ್ಗೆ ಗೊತ್ತಿದ್ದದ್ದು ಒಂದೇ ವಿಷಯ. 1984ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರನ್ನು ಜಗತ್ತಿಗೆ ತೋರಿಸಿದ್ದು ಅಲ್ಲಿನ ಫ್ಲಿಂಟ್ ಸೆಂಟರ್‌ನಲ್ಲಿ ಅಂತ.

ಮೊದಲ ಎರಡು ವರ್ಷ ಕಡಿಮೆ ಫೀಸಿನ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಆಮೇಲೆ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗುವುದು ಇಲ್ಲಿನ ಒಂದು ದಾರಿ. ಊರಿನವರಿಗೆ ಈ ವ್ಯವಸ್ಥೆ ವಿವರಿಸುವಾಗ ನಾನು ಡಿಪ್ಲೊಮಾದ ಉದಾಹರಣೆ ಕೊಡುತ್ತೇನೆ. ನಮ್ಮಲ್ಲಿ ಪಾಲಿಟೆಕ್ನಿಕ್ ಮುಗಿಸಿ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ತಗೋತಾರಲ್ಲ, ಹೆಚ್ಚುಕಡಿಮೆ ಹಾಗೆ. ಆದರೆ ಇಲ್ಲಿ ನೇರವಾಗಿ ಮೂರನೇ ವರ್ಷಕ್ಕೆ. ಪ್ರವೇಶ ಪರೀಕ್ಷೆಯೂ ಇಲ್ಲ. ಅದರ ಬದಲು ಎರಡು ವರ್ಷ ಯಾವ ಕೋರ್ಸ್ ತಗೊಂಡಿರಿ, ಎಷ್ಟು ಗ್ರೇಡ್ ಬಂತು ಅನ್ನುವುದೇ ಪರೀಕ್ಷೆ. ಕೊನೆಯಲ್ಲಿ ಸಿಗುವುದು ಬರ್ಕ್‌ಲಿಯದ್ದೋ ಡೇವಿಸ್‌ನದ್ದೋ ಪದವಿ. ಅದರ ಮೇಲೆ ಕಮ್ಯುನಿಟಿ ಕಾಲೇಜಿನ ಹೆಸರು ಇರುವುದಿಲ್ಲ.

ಇದು ಯಾರೋ ದಯೆಯಿಂದ ತೆರೆದ ಕಿಟಕಿಯಲ್ಲ. 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣಕ್ಕೆ ಒಂದು ಮಾಸ್ಟರ್ ಪ್ಲಾನ್ ಮಾಡಿಕೊಂಡಿತು. ಆಗ ಯುಸಿ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಅದರ ಹಿಂದಿನ ಮುಖ್ಯ ವ್ಯಕ್ತಿ. ಸಹಿ ಹಾಕಿದವರು ಗವರ್ನರ್ ಪ್ಯಾಟ್ ಬ್ರೌನ್. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗ ಯುಸಿಗೆ, ಮೇಲಿನ ಮೂರನೇ ಒಂದು ಭಾಗ ರಾಜ್ಯದ ಇನ್ನೊಂದು ಸರ್ಕಾರಿ ವ್ಯವಸ್ಥೆಯಾದ ಸ್ಟೇಟ್ ಯೂನಿವರ್ಸಿಟಿಗೆ, ಕಮ್ಯುನಿಟಿ ಕಾಲೇಜು ಮಾತ್ರ ಎಲ್ಲರಿಗೂ. ಅಲ್ಲಿಂದ ಮೇಲಕ್ಕೆ ಹೋಗಲು ಟ್ರಾನ್ಸ್‌ಫರ್ ದಾರಿ. ಈಗ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಹೈಸ್ಕೂಲಿನಿಂದ ನೇರ ಬರುವ ಇಬ್ಬರಿಗೆ ಒಬ್ಬ ಟ್ರಾನ್ಸ್‌ಫರ್ ವಿದ್ಯಾರ್ಥಿ ಇರಬೇಕು ಅನ್ನುವುದು ಯುಸಿ ಇಟ್ಟುಕೊಂಡ ಗುರಿ. ಅಂದರೆ ನಾವು ಹಿಂಬಾಗಿಲು ಅಂದುಕೊಳ್ಳುವುದನ್ನು ಅವರು ಕಟ್ಟಿದ್ದೇ ಬಾಗಿಲಾಗಿ.

ದುಡ್ಡಿನ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ಟಿಗೆ, ಅಂದರೆ ಕ್ರೆಡಿಟ್ಟಿಗೆ, 46 ಡಾಲರ್. ವರ್ಷಕ್ಕೆ ಎರಡು ಸೆಮಿಸ್ಟರ್ ಬದಲು ಮೂರು ಚಿಕ್ಕ ಅವಧಿಗಳಿರುವ, ಡಿ ಆಂಜಾದಂತಹ ಕ್ವಾರ್ಟರ್ ಪದ್ಧತಿಯ ಕಾಲೇಜಿನಲ್ಲಿ ಯೂನಿಟ್ಟಿಗೆ 31. ವರ್ಷಕ್ಕೆ 45 ಯೂನಿಟ್ ತಗೊಂಡರೆ 1,395 ಡಾಲರ್, ಮೇಲೆ ಸಣ್ಣಪುಟ್ಟ ಶುಲ್ಕ. ಮೊದಲ ಸಲ ಕಾಲೇಜು ಸೇರಿ ಫುಲ್ ಟೈಮ್ ಓದುವವರಿಗೆ ಕಾಲೇಜ್ ಪ್ರಾಮಿಸ್ ಯೋಜನೆಯಲ್ಲಿ ಎರಡು ವರ್ಷ ಅದೂ ಮಾಫಿಯಾಗಬಹುದು. ಯುಸಿಯಲ್ಲಿ ಬೋಧನಾ ಶುಲ್ಕವೂ ಇತರ ಶುಲ್ಕವೂ ಸೇರಿ ವರ್ಷಕ್ಕೆ 14,000 ಡಾಲರ್ ದಾಟುತ್ತದೆ. ಊಟ, ವಸತಿ ಬೇರೆ.

ಇನ್ನು ಕೋರ್ಸುಗಳ ವಿಷಯ. ನಮ್ಮ ಬಳಗದಲ್ಲಿ ಟ್ರಾನ್ಸ್‌ಫರ್ ಮಾಡಿದ ಮಕ್ಕಳಲ್ಲಿ ಜಾಸ್ತಿ ಜನ ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್‌ನವರು. ಅವರ ಎರಡು ವರ್ಷದ ಟೈಮ್‌ಟೇಬಲ್ ಅವರು ಕೂತು ಮಾಡುವುದಲ್ಲ, ತಾನೇ ತಯಾರಾಗುತ್ತದೆ. ಕ್ಯಾಲ್ಕುಲಸ್ ಒಂದಾದ ಮೇಲೆ ಒಂದು, ಫಿಸಿಕ್ಸ್ ಒಂದಾದ ಮೇಲೆ ಒಂದು, ನಡುವೆ ಪ್ರೋಗ್ರಾಮಿಂಗ್. ಒಂದು ಕ್ವಾರ್ಟರ್ ತಪ್ಪಿದರೆ ಸರಪಳಿಯೇ ಹಿಂದೆ ಬೀಳುತ್ತದೆ. ಪೊಲಿಟಿಕಲ್ ಸೈನ್ಸ್ ಹಾಗಲ್ಲ. ಮೇಜರ್‌ಗೆ, ಅಂದರೆ ಮುಖ್ಯ ವಿಷಯಕ್ಕೆ, ಮೊದಲೆರಡು ವರ್ಷದಲ್ಲಿ ಬೇಕಾದ ಕೋರ್ಸುಗಳು ನಾಲ್ಕೈದು ಮಾತ್ರ. ಉಳಿದದ್ದೆಲ್ಲ ಖಾಲಿ ಜಾಗ. ನಮ್ಮಂಥ ಅಪ್ಪ ಅಮ್ಮಂದಿರಿಗೆ ಭಯ ಹುಟ್ಟಿಸುವುದು ಈ ಖಾಲಿ ಜಾಗವೇ. ಪಿಸಿಎಂಬಿ ಅಥವಾ ಎಚ್‌ಇಪಿ ಅಂತ ಕಟ್ಟಿಕೊಟ್ಟ ಕಾಂಬಿನೇಷನ್ ಓದಿ ಬಂದವರು ನಾವು. ಆರಿಸಿಕೋ ಅಂದರೆ ನಮಗೆ ಅನುಮಾನ ಬರುತ್ತದೆ. ಈ ವರ್ಷವಿಡೀ ಮಗಳ ಜೊತೆ ಕೂತು ನೋಡಿದ ಮೇಲೆ ನನಗನ್ನಿಸಿದ್ದು ಇಷ್ಟು. ಈ ಮೇಜರ್‌ಗೆ ಪ್ಲಾನ್ ಮಾಡುವುದು ಅಂದರೆ ನಿಯಮ ಪಾಲಿಸುವುದಕ್ಕಿಂತ ಆ ಖಾಲಿ ಜಾಗವನ್ನು ಏನು ಮಾಡಬೇಕು ಅಂತ ತೀರ್ಮಾನಿಸುವುದು.

ಹಾಗಂತ ನಿಯಮ ಬಿಡೋಕಾಗುತ್ತಾ? ಮೊದಲು ಅಸಿಸ್ಟ್ ಅನ್ನುವ ಸರ್ಕಾರಿ ತಾಣ ತೆರೆಯಬೇಕು. ಯಾವ ಕಾಲೇಜಿನಿಂದ, ಯಾವ ಯೂನಿವರ್ಸಿಟಿಗೆ, ಯಾವ ಮೇಜರ್‌ಗೆ ಅಂತ ಆರಿಸಿದರೆ ಎಡಗಡೆ ಯೂನಿವರ್ಸಿಟಿ ಕೇಳುವ ಕೋರ್ಸ್, ಬಲಗಡೆ ಅದಕ್ಕೆ ಸಮನಾದ ನಮ್ಮ ಕಾಲೇಜಿನ ಕೋರ್ಸ್ ಬರುತ್ತದೆ. ಕೆಲವು ಕಡೆ ಬಲಗಡೆ "ಸಮನಾದ ಕೋರ್ಸ್ ಇಲ್ಲ" ಅಂತಿರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ಆ ಕೋರ್ಸನ್ನು ಟ್ರಾನ್ಸ್‌ಫರ್ ಆದ ಮೇಲೆ ಅಲ್ಲೇ ಮಾಡಿದರಾಯಿತು. ಪಕ್ಕದ ಕಮ್ಯುನಿಟಿ ಕಾಲೇಜಿನಲ್ಲಿ ಇದ್ದರೆ ಅಲ್ಲಿ ಹೋಗಿಯೂ ಮಾಡಬಹುದು. ಖಾಸಗಿ ಯೂನಿವರ್ಸಿಟಿಗಳು ಮಾತ್ರ ಈ ತಾಣದಲ್ಲಿ ಇಲ್ಲ. ಅವಕ್ಕೆ ಆಯಾ ಯೂನಿವರ್ಸಿಟಿಯನ್ನೇ ಕೇಳಬೇಕು.

ಮಗಳು ಬರ್ಕ್‌ಲಿ, ಡೇವಿಸ್, ಸ್ಯಾನ್ ಡಿಯಾಗೋ ಮೂರರ ಪುಟಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಳು. ಅಮೆರಿಕದ ಸರ್ಕಾರ, ತುಲನಾತ್ಮಕ ರಾಜಕೀಯ, ಅಂತರರಾಷ್ಟ್ರೀಯ ಸಂಬಂಧ, ರಾಜಕೀಯ ಸಿದ್ಧಾಂತ. ಈ ನಾಲ್ಕು ಯಾವ ಕ್ಯಾಂಪಸ್‌ಗೆ ಹೋದರೂ ಬುನಾದಿ. ಎಷ್ಟು ಕಡ್ಡಾಯ, ಎಷ್ಟು ಆಯ್ಕೆ ಅನ್ನುವುದರಲ್ಲಿ ವ್ಯತ್ಯಾಸ ಅಷ್ಟೇ. ಐದನೆಯದು ಬಂದಾಗ ಅವಳ ಮುಖ ಸಪ್ಪಗಾಯಿತು. ಅಂಕಿಅಂಶ, ಅಂದರೆ ಸ್ಟಾಟಿಸ್ಟಿಕ್ಸ್. ಬರ್ಕ್‌ಲಿಯಲ್ಲಿ ಪರಿಮಾಣಾತ್ಮಕ ವಿಧಾನಗಳ ಕೋರ್ಸೇ ಆ ವಿಭಾಗದ ಆರಂಭಿಕ ಕೋರ್ಸುಗಳಲ್ಲಿ ಒಂದು. ಸ್ಯಾನ್ ಡಿಯಾಗೋದಲ್ಲಿ ಪೊಲಿಟಿಕಲ್ ಇನ್‌ಕ್ವೈರಿ ಅನ್ನುವ ಹೆಸರಿನಲ್ಲಿ ಅದೇ ಜಾತಿಯ ಕೋರ್ಸ್ ಇದೆ. ಗಣಿತ ತಪ್ಪಿಸಿಕೊಳ್ಳೋಕೆ ಆರ್ಟ್ಸ್ ತಗೊಂಡೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಚುನಾವಣೆಯ ಫಲಿತಾಂಶ, ಸಮೀಕ್ಷೆ, ಮತದಾರರ ನಡೆ ಎಲ್ಲವೂ ಈಗ ಅಂಕಿಯಲ್ಲೇ ಓದುವ ವಿಷಯ. ಕ್ಯಾಲ್ಕುಲಸ್ ಬೇಡ, ಆದರೆ ಸ್ಟಾಟಿಸ್ಟಿಕ್ಸ್ ಬಿಟ್ಟು ದಾರಿಯಿಲ್ಲ.

ನನ್ನ ಸಲಹೆ ಕೇಳಿದರೆ ಸ್ಟಾಟಿಸ್ಟಿಕ್ಸನ್ನು ಮೊದಲ ವರ್ಷವೇ ಮುಗಿಸಿ. ಮೊದಲೆಲ್ಲ ಗಣಿತದಲ್ಲಿ ಸ್ವಲ್ಪ ಹಿಂದಿದ್ದವರನ್ನು ಪರೀಕ್ಷೆ ಮಾಡಿ, ಲೆಕ್ಕಕ್ಕೇ ಬಾರದ ತಯಾರಿ ಕ್ಲಾಸುಗಳಲ್ಲಿ ಕೂರಿಸುತ್ತಿದ್ದರು. ಎಷ್ಟೋ ಮಕ್ಕಳ ಟ್ರಾನ್ಸ್‌ಫರ್ ಕನಸು ಅಲ್ಲೇ ನಿಂತುಹೋಗುತ್ತಿತ್ತು. 2017ರ ಎಬಿ 705 ಕಾನೂನು ಬಂದ ಮೇಲೆ ಅದು ತಪ್ಪಿದೆ. ಈಗ ನೇರವಾಗಿ ಟ್ರಾನ್ಸ್‌ಫರ್‌ಗೆ ಲೆಕ್ಕಕ್ಕೆ ಬರುವ ಕೋರ್ಸಿಗೇ ಸೇರಬಹುದು. ಕಷ್ಟವಾದರೆ ಜೊತೆಗೆ ಬೆಂಬಲದ ತರಗತಿ ಇರುತ್ತದೆ.

ಮೇಜರ್ ಬಿಟ್ಟರೆ ಜನರಲ್ ಎಜುಕೇಷನ್, ಅಂದರೆ ಯಾವ ಮೇಜರ್‌ನವರೂ ಓದಬೇಕಾದ ಸಾಮಾನ್ಯ ವಿಷಯಗಳು. 2025ರ ಶರತ್ಕಾಲದಿಂದ ಸೇರಿದವರಿಗೆ ಕ್ಯಾಲ್‌ಗೆಟ್‌ಸಿ ಅನ್ನುವ ಒಂದೇ ಪಟ್ಟಿ. ಅದಕ್ಕೂ ಮುಂಚೆ ಯುಸಿಗೂ ಸ್ಟೇಟ್ ಯೂನಿವರ್ಸಿಟಿಗೂ ಬೇರೆ ಬೇರೆ ಪಟ್ಟಿಗಳಿದ್ದವು. ಮಕ್ಕಳಿಗೆ ತಲೆ ಕೆಡುತ್ತಿತ್ತು. ಈಗ 11 ಕೋರ್ಸು, 34 ಸೆಮಿಸ್ಟರ್ ಯೂನಿಟ್. ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಭಾಷಣ ಕಲೆ, ಗಣಿತ, ಕಲೆ ಮತ್ತು ಮಾನವಿಕ, ಸಮಾಜ ವಿಜ್ಞಾನ, ಲ್ಯಾಬ್ ಸಮೇತ ವಿಜ್ಞಾನ, ಎಥ್ನಿಕ್ ಸ್ಟಡೀಸ್ ಅಂದರೆ ಅಮೆರಿಕದ ಜನಾಂಗೀಯ ಸಮುದಾಯಗಳ ಅಧ್ಯಯನ. ಕೇಳೋಕೆ ಉದ್ದ. ಆದರೆ ಪೊಲಿಟಿಕಲ್ ಸೈನ್ಸ್‌ನವರಿಗೆ ಇಲ್ಲೊಂದು ಲಾಭ ಇದೆ. ಒಂದೇ ಕೋರ್ಸು ಎರಡು ಮೂರು ಕಡೆ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಸರ್ಕಾರದ ಕೋರ್ಸು ಮೇಜರ್‌ಗೂ ಆಯಿತು, ಸಮಾಜ ವಿಜ್ಞಾನದ ಖಾನೆಗೂ ಆಯಿತು. ಸ್ಟಾಟಿಸ್ಟಿಕ್ಸ್ ಗಣಿತದ ಖಾನೆಗೂ ಆಯಿತು. ಒಂದು ಎಚ್ಚರ ಏನೆಂದರೆ, ಸಮಾಜ ವಿಜ್ಞಾನದ ಎರಡು ಕೋರ್ಸುಗಳು ಎರಡು ಬೇರೆ ವಿಷಯಗಳಿಂದ ಬರಬೇಕು. ಎರಡನ್ನೂ ಪೊಲಿಟಿಕಲ್ ಸೈನ್ಸ್‌ನಲ್ಲೇ ತುಂಬಿಸಿದರೆ ಒಂದು ಖಾನೆ ಖಾಲಿ ಉಳಿಯುತ್ತದೆ. ಮಗಳು ಎರಡನೆಯದಕ್ಕೆ ಅರ್ಥಶಾಸ್ತ್ರ ತಗೊಂಡಳು.

ಸ್ಟೇಟ್ ಯೂನಿವರ್ಸಿಟಿಗೆ ಹೋಗುವವರಿಗೆ ಇನ್ನೊಂದು ನಿಯಮ ಇದೆ. ನನಗೆ ತುಂಬ ಹಿಡಿಸಿದ ನಿಯಮ. ಯಾವ ಪದವಿಯೇ ಆಗಲಿ, ಅಮೆರಿಕದ ಇತಿಹಾಸ, ಅಮೆರಿಕದ ಸಂವಿಧಾನ, ಜೊತೆಗೆ ಕ್ಯಾಲಿಫೋರ್ನಿಯಾದ ರಾಜ್ಯ ಮತ್ತು ಸ್ಥಳೀಯ ಸರ್ಕಾರ ಓದಿರಲೇಬೇಕು. ಎಂಜಿನಿಯರ್ ಆಗುವವರೂ ಓದಬೇಕು. ನಮ್ಮಲ್ಲಿ ಬಿಇ ಮುಗಿಸಿದ ಎಷ್ಟು ಜನರಿಗೆ ಪುರಸಭೆಯ ಕೆಲಸ ಯಾವುದು, ತಾಲೂಕು ಪಂಚಾಯಿತಿಯ ಕೆಲಸ ಯಾವುದು ಅಂತ ಗೊತ್ತು, ಹೇಳಿ? ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಎಪಿ ಗವರ್ನಮೆಂಟ್ ಪರೀಕ್ಷೆ ಪಾಸು ಮಾಡಿದವರು ಇದೆಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದಿಲ್ಲ. ಅದರಿಂದ ಸಂವಿಧಾನದ ಭಾಗ ತೀರುತ್ತದೆ, ಕ್ಯಾಲಿಫೋರ್ನಿಯಾದ ಭಾಗ ಉಳಿಯುತ್ತದೆ.

ಈ ಕ್ಯಾಲಿಫೋರ್ನಿಯಾ ಭಾಗ ಓದುವಾಗಲೇ ಅವಳಿಗೆ ತನ್ನ ಕಾಲೇಜಿನ ಫೀಸಿನ ಕಥೆ ಸಿಕ್ಕಿದ್ದು. 1978ರಲ್ಲಿ ಮತದಾರರು ಪ್ರೊಪೊಸಿಷನ್ 13 ಅನ್ನುವ ಪ್ರಸ್ತಾವಕ್ಕೆ ವೋಟು ಹಾಕಿ ಪಾಸು ಮಾಡಿ ಆಸ್ತಿ ತೆರಿಗೆಗೆ ಕಡಿವಾಣ ಹಾಕಿದರು. ಕಮ್ಯುನಿಟಿ ಕಾಲೇಜುಗಳು ಬಹುಮಟ್ಟಿಗೆ ಆ ತೆರಿಗೆಯ ಮೇಲೇ ನಿಂತಿದ್ದವು. ದುಡ್ಡಿನ ಜೊತೆ ಹಿಡಿತವೂ ಸ್ಥಳೀಯ ಮಂಡಳಿಗಳ ಕೈಯಿಂದ ರಾಜಧಾನಿ ಸ್ಯಾಕ್ರಮೆಂಟೋಗೆ ಜಾರಿತು. ಅಲ್ಲಿಯವರೆಗೆ ಫೀಸೇ ಇಲ್ಲದ ಕಾಲೇಜುಗಳಲ್ಲಿ 1984ರಲ್ಲಿ ಯೂನಿಟ್ಟಿಗೆ 5 ಡಾಲರ್ ಶುರುವಾಯಿತು. ಅದೇ ಈಗ 46 ಆಗಿದೆ. "ಅಮ್ಮ, ನಾವು ಕಟ್ಟೋ ಫೀಸು ಯಾರೋ ವೋಟು ಹಾಕಿದ್ದರಿಂದ ಬಂದಿದ್ದು" ಅಂದಳು. ಹೌದಲ್ವಾ? ನಾವು ಇಲ್ಲಿ ಇಷ್ಟು ವರ್ಷ ಇದ್ದೇವೆ, ಮನೆಯ ತೆರಿಗೆಯ ಬಗ್ಗೆ ಪ್ರತಿ ಊಟದಲ್ಲೂ ಮಾತಾಡುತ್ತೇವೆ. ಆ ತೆರಿಗೆಗೂ ಈ ಫೀಸಿಗೂ ಗಂಟು ಹಾಕಿ ನಮಗೆ ಯಾರೂ ತೋರಿಸಿರಲಿಲ್ಲ.

ತುಲನಾತ್ಮಕ ರಾಜಕೀಯದ ಕೋರ್ಸಿನಲ್ಲಿ ಇನ್ನೂ ಮಜಾ ಆಯಿತು. ಪೇಪರಿಗೆ ಒಂದು ದೇಶ, ಒಂದು ಪ್ರಶ್ನೆ ಆರಿಸಬೇಕಿತ್ತು. ಭಾರತ ಅಂತ ಆರಿಸಿ, ಮಹಿಳಾ ಮೀಸಲಾತಿ ಅಂತ ಇಟ್ಟುಕೊಂಡಳು. ಅವಳಿಗೆ ಸಿಕ್ಕಿದ್ದೆಲ್ಲ ಪಂಚಾಯಿತಿಗಳ ಬಗೆಗಿನ ಸಂವಿಧಾನದ 73ನೇ ತಿದ್ದುಪಡಿಯಿಂದ, ಅಂದರೆ 1992ರಿಂದ ಶುರುವಾಗುವ ಕಥೆ. ನಾನು "ಅದಕ್ಕೂ ಮುಂಚೆ ನಮ್ಮಲ್ಲಿ ಇತ್ತಲ್ಲೇ" ಅಂದೆ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಬಂದ 1983ರ ಪಂಚಾಯತ್ ಕಾಯ್ದೆಯಲ್ಲೇ ಹೆಂಗಸರಿಗೆ ಶೇಕಡ 25 ಸೀಟು ಮೀಸಲಿತ್ತು. 1987ರಲ್ಲಿ ಆ ಕಾಯ್ದೆಯಂತೆ ಚುನಾವಣೆಯೂ ನಡೆಯಿತು. ಊರೂರಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅಂತ ಹೆಸರಾದ ಅದೇ ನಜೀರ್ ಸಾಬ್. ಆ ಕಾಯ್ದೆಯ ಮಂಡಲ ಪಂಚಾಯಿತಿ ಅನ್ನುವುದನ್ನು ನಾನು ಬಾಯಿಪಾಠ ಮಾಡಿ ಅಂಕ ತಗೊಂಡಿದ್ದೆ, ಅಷ್ಟೇ. ಕೂಪರ್ಟಿನೋದ ಒಂದು ಕ್ಲಾಸಿನಲ್ಲಿ ಅದು ಕೇಂದ್ರಕ್ಕಿಂತ ರಾಜ್ಯ ಮೊದಲು ಯಾಕೆ ಹೆಜ್ಜೆ ಇಟ್ಟಿತು ಅನ್ನುವ ಪ್ರಶ್ನೆಯಾಯಿತು. ಅವಳ ಪೇಪರಿನ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹೆಗಡೆಯವರ ಲೆಕ್ಕಾಚಾರಕ್ಕೆ ಜಾಸ್ತಿ, ನಜೀರ್ ಸಾಬರ ಹಠಕ್ಕೆ ಕಡಿಮೆ ಮಹತ್ವ ಕೊಟ್ಟಿದ್ದಾಳೆ. ಅದರ ಬಗ್ಗೆ ಮನೆಯಲ್ಲಿ ಇನ್ನೂ ಜಗಳ ನಡೆಯುತ್ತಿದೆ.

ಖಾಲಿ ಜಾಗ ಅಂದೆನಲ್ಲ, ಅದನ್ನು ಹೀಗೆ ತುಂಬಬೇಕು ಅಂತ ನನ್ನ ಅನಿಸಿಕೆ. ಬರೆಸುವ ಕೋರ್ಸು ಆರಿಸಬೇಕು. ಸುಲಭ ಗ್ರೇಡ್ ಕೊಡುತ್ತಾರೆ ಅಂತ ಹೆಸರಾದ ಕ್ಲಾಸುಗಳ ಪಟ್ಟಿ ಮಕ್ಕಳ ನಡುವೆ ಸದಾ ಓಡಾಡುತ್ತಿರುತ್ತದೆ. ಗ್ರೇಡ್ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಮೂರನೇ ವರ್ಷಕ್ಕೆ ನೇರವಾಗಿ ಹೋಗಿ ಕೂತಾಗ ಪಕ್ಕದಲ್ಲಿರುವವರು ಎರಡು ವರ್ಷ ಅಲ್ಲೇ ಓದಿ, ಬರೆದು ಪಳಗಿದವರು. ಉದ್ದ ಪೇಪರ್ ಬರೆದೇ ಗೊತ್ತಿಲ್ಲದಿದ್ದರೆ ಮೊದಲ ಕ್ವಾರ್ಟರ್‌ನಲ್ಲೇ ಉಸಿರು ಕಟ್ಟುತ್ತದೆ. ಇತಿಹಾಸದ ಒಂದು ಗಟ್ಟಿ ಕೋರ್ಸು, ಮೈಕ್ರೋ ಮತ್ತು ಮ್ಯಾಕ್ರೋ ಅರ್ಥಶಾಸ್ತ್ರ, ಸಾಧ್ಯವಾದರೆ ಇನ್ನೊಂದು ಭಾಷೆ. ನಾಳೆ ಮನಸ್ಸು ಬದಲಾಗಿ ಅರ್ಥಶಾಸ್ತ್ರಕ್ಕೋ ಸಾರ್ವಜನಿಕ ನೀತಿಗೋ ಹೊರಳಿದರೂ ಇವು ವ್ಯರ್ಥವಾಗುವುದಿಲ್ಲ.

ಮನಸ್ಸು ಬದಲಾಯಿಸೋಕೆ ಸಮಯ ಮಾತ್ರ ನಾವು ಅಂದುಕೊಂಡಷ್ಟು ಇಲ್ಲ. ಎರಡು ವರ್ಷ ಇದೆಯಲ್ಲ ಅಂತ ಅನ್ನಿಸುತ್ತದೆ. ಆದರೆ ಯುಸಿ ಅರ್ಜಿ ಹಾಕುವುದು ಎರಡನೇ ವರ್ಷದ ಶರತ್ಕಾಲದಲ್ಲಿ. ಆ ಹೊತ್ತಿಗೆ ಕೈಯಲ್ಲಿರುವುದು ಒಂದೇ ವರ್ಷದ ಗ್ರೇಡು. ಜನವರಿಯಲ್ಲಿ ಶರತ್ಕಾಲದ ಗ್ರೇಡು ಸೇರಿಸಿ ಮತ್ತೊಂದು ವರದಿ ಕೊಡಬೇಕು. ಅರ್ಜಿಯ ಜೊತೆ ಬರೆಯುವ ಪ್ರಬಂಧಗಳಲ್ಲಿ ಟ್ರಾನ್ಸ್‌ಫರ್‌ನವರಿಗೆ ಒಂದು ಕಡ್ಡಾಯ. ನಿಮ್ಮ ಮೇಜರ್‌ಗೆ ನೀವು ಹೇಗೆ ತಯಾರಾಗಿದ್ದೀರಿ ಅಂತ ಕೇಳುತ್ತಾರೆ. ಮೇಜರ್‌ನ ಒಂದು ಕೋರ್ಸನ್ನೂ ಮುಗಿಸದೆ ಅದಕ್ಕೆ ಉತ್ತರ ಬರೆಯುವುದು ಕಷ್ಟ. ಜನರಲ್ ಎಜುಕೇಷನ್ ಮೊದಲು ಮುಗಿಸು, ಮೇಜರ್ ಆಮೇಲೆ ನೋಡು ಅನ್ನುವ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಪೊಲಿಟಿಕಲ್ ಸೈನ್ಸ್ ಮಟ್ಟಿಗೆ ಅದು ಸರಿಯಲ್ಲ ಅಂತ ನನ್ನ ವಾದ. ಎರಡನ್ನೂ ಬೆರೆಸಿಕೊಂಡೇ ಹೋಗಬೇಕು.

ಗ್ಯಾರಂಟಿ ಬೇಕಾದವರಿಗೆ ಎರಡು ದಾರಿ ಇವೆ. ಒಂದು ಟ್ಯಾಗ್, ಅಂದರೆ ಟ್ರಾನ್ಸ್‌ಫರ್ ಅಡ್ಮಿಷನ್ ಗ್ಯಾರಂಟಿ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ಈ ಆರು ಯುಸಿ ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಸೆಪ್ಟೆಂಬರ್ ತಿಂಗಳಿನಲ್ಲಿ ಹಾಕಬಹುದು. ಅವರು ಹೇಳಿದ ಕೋರ್ಸು, ಗ್ರೇಡು ಇದ್ದರೆ ಸೀಟು ಖಚಿತ. ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇದರಲ್ಲಿಲ್ಲ. ಇನ್ನೊಂದು ಟ್ರಾನ್ಸ್‌ಫರ್‌ಗೆಂದೇ ಮಾಡಿದ, ಕಮ್ಯುನಿಟಿ ಕಾಲೇಜು ಕೊಡುವ ಎರಡು ವರ್ಷದ ಅಸೋಸಿಯೇಟ್ ಪದವಿ. 2010ರ ಎಸ್‌ಬಿ 1440 ಕಾನೂನಿನಿಂದ ಬಂದದ್ದು. ಇದನ್ನು ಮುಗಿಸಿದರೆ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಜಾಗ ಖಚಿತ, ಆದರೆ ನಿಮಗೆ ಬೇಕಾದ ಕ್ಯಾಂಪಸ್ಸೇ ಸಿಗುತ್ತದೆ ಅಂತಲ್ಲ. ಕಾನೂನು ತಂದವರು ಆಗ ರಾಜ್ಯ ಸೆನೆಟರ್ ಆಗಿದ್ದ ಅಲೆಕ್ಸ್ ಪಡಿಲ್ಲಾ. ಅವರು ಓದಿದ್ದು ಎಂಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್. ಇದನ್ನು ಯಜಮಾನರಿಗೆ ಹೇಳಬಾರದಿತ್ತು. "ನೋಡು, ರಾಜಕೀಯಕ್ಕೂ ಎಂಜಿನಿಯರಿಂಗೇ ಬೇಕು" ಅಂತ ಶುರುಮಾಡಿದರು. ಅದಕ್ಕೆ ಮಗಳ ಹತ್ತಿರ ಉತ್ತರ ತಯಾರಿತ್ತು. ಬರಾಕ್ ಒಬಾಮಾ ಆಕ್ಸಿಡೆಂಟಲ್ ಕಾಲೇಜಿನಲ್ಲಿ ಎರಡು ವರ್ಷ ಓದಿ, ಕೊಲಂಬಿಯಾಕ್ಕೆ ಟ್ರಾನ್ಸ್‌ಫರ್ ಆಗಿ, 1983ರಲ್ಲಿ ಪದವಿ ಪಡೆದದ್ದು ಪೊಲಿಟಿಕಲ್ ಸೈನ್ಸ್‌ನಲ್ಲೇ.

ನಮ್ಮವರಲ್ಲಿ ಎಷ್ಟೋ ಮನೆಗಳಿಗೆ ಸಂಬಂಧಪಟ್ಟ ಒಂದು ವಿಷಯ ಹೇಳಲೇಬೇಕು. ಅಪ್ಪನೋ ಅಮ್ಮನೋ ಎಚ್1ಬಿ ಕೆಲಸದ ವೀಸಾದಲ್ಲಿದ್ದು, ಗ್ರೀನ್ ಕಾರ್ಡಿನ ಸಾಲಿನಲ್ಲಿ ಕಾಯುತ್ತಿರುವ ಮನೆಯ ಮಕ್ಕಳು ಎಚ್4 ಅನ್ನುವ ಅವಲಂಬಿತರ ವೀಸಾದಲ್ಲಿರುತ್ತಾರೆ. ಅವರಿಗೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ, ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ. 21 ತುಂಬಿದರೆ ಆ ವೀಸಾವೇ ಇಲ್ಲ. ಟ್ರಾನ್ಸ್‌ಫರ್ ಆಗುವ ವಯಸ್ಸೂ ಹೆಚ್ಚುಕಡಿಮೆ ಅದೇ. ಕೋರ್ಸಿನ ಟೈಮ್‌ಟೇಬಲ್ ಪಕ್ಕದಲ್ಲಿ ವೀಸಾದ ತಾರೀಕನ್ನೂ ಬರೆದಿಟ್ಟುಕೊಂಡು, ವಕೀಲರ ಹತ್ತಿರ ಮೊದಲೇ ಮಾತಾಡುವುದು ಒಳ್ಳೆಯದು.

ಮಗಳ ಟ್ಯಾಗ್ ಡೇವಿಸ್‌ಗೆ ಅಂತ ತೀರ್ಮಾನವಾಗಿದೆ. ರಾಜಧಾನಿ ಸ್ಯಾಕ್ರಮೆಂಟೋ ಅಲ್ಲಿಂದ ಪಕ್ಕದಲ್ಲೇ. ಶಾಸನಸಭೆಯ ಕಚೇರಿಗಳಲ್ಲಿ ಇಂಟರ್ನ್‌ಶಿಪ್ ಮಾಡಿಕೊಂಡೇ ಓದುವ ಕಾರ್ಯಕ್ರಮ ಯುಸಿಗೆ ಅಲ್ಲಿದೆ. ಡೇವಿಸ್ ಕೂಡ ಕ್ವಾರ್ಟರ್ ಪದ್ಧತಿಯಲ್ಲೇ ಇರುವುದರಿಂದ ಚಿಕ್ಕ ಅವಧಿಯಲ್ಲಿ ಕೋರ್ಸು ಮುಗಿಸುವ ಈ ಓಟದ ಅಭ್ಯಾಸ ಅಲ್ಲಿಗೂ ಬರುತ್ತದೆ. ಬರ್ಕ್‌ಲಿಗೂ ಹಾಕುತ್ತಾಳೆ. ಎರಡೂ ಸಿಕ್ಕರೆ ಅವಳ ಅಪ್ಪ ಬರ್ಕ್‌ಲಿ ಅನ್ನುತ್ತಾರೆ, ನಾನು ಡೇವಿಸ್ ಅನ್ನುತ್ತೇನೆ, ಅವಳು ಇನ್ನೂ ಹೇಳಿಲ್ಲ. ಶರತ್ಕಾಲಕ್ಕೆ ಅವಳು ಬರೆದಿಟ್ಟುಕೊಂಡಿರುವುದು ರಾಜಕೀಯ ಸಿದ್ಧಾಂತ, ಲ್ಯಾಬ್ ಇರುವ ಜೀವಶಾಸ್ತ್ರ, ಎಥ್ನಿಕ್ ಸ್ಟಡೀಸ್. ಸಿದ್ಧಾಂತದ ಕ್ಲಾಸು ಬೇಗ ತುಂಬುತ್ತದಂತೆ. ರಿಜಿಸ್ಟ್ರೇಷನ್ ತೆರೆಯುವ ದಿನ ಬೆಳಿಗ್ಗೆಯೇ ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ ಅಂದಿದ್ದಾಳೆ. ವೇಟ್‌ಲಿಸ್ಟ್ ಆದರೆ ಅದೇ ಕೋರ್ಸು ಹತ್ತಿರದ ಇನ್ನೊಂದು ಕಮ್ಯುನಿಟಿ ಕಾಲೇಜಾದ ಫುಟ್‌ಹಿಲ್‌ನಲ್ಲಿ ಸಿಗುತ್ತದಾ ಅಂತ ಈ ವಾರ ಕೌನ್ಸಿಲರ್ ಹತ್ತಿರ ಕೇಳಿಕೊಂಡು ಬರಬೇಕು.